ಕಿವಿ ಮೇಸ್ತ್ರಿ ಪಾಸು ಮಾಡಿದ ಇದ್ದಿಲು

ಬೆಳಗಿನ ಚಹಾ ಹೀರುತ್ತ ಬಾಯ್ಲರಿನವನು ಒಂದು ಮಾತಾಡಿದ. ಅದನ್ನು ಕೇಳಿದ್ದೇ ಕಿವಿ ಮೇಸ್ತ್ರಿಯ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

"ಮೇಸ್ತ್ರಿ, ಆ ಸ್ಟೀಮ್ ಪೈಪಿಗೆ ಇವತ್ತಾದ್ರೂ ಹೊಸ ವಾಷರ್ ಹಾಕ್ಬಿಡ್ಲಾ? ಹೋದ ವಾರ ಇಡೀ ಪಾಳಿ ಸಿಳ್ಳೆ ಹೊಡೆದೂ ಹೊಡೆದೂ ನನ್ನ ತಲೆ ಚಿಟ್ಟು ಹಿಡಿಸಿಬಿಡ್ತು."

"ಯಾವ ಸಿಳ್ಳೆ?"

"ಅದೇ, ಕುಲುಮೆ ಹಿಂದಿನ ಜಾಯಿಂಟು. ನೀವು ಪಕ್ಕದಲ್ಲೇ ನಿಂತಿದ್ರಲ್ಲ! ಬೇಕು ಅಂತಲೇ ಬಿಟ್ಟಿದೀರಿ, ಏನೋ ಲೆಕ್ಕಾಚಾರ ಇರುತ್ತೆ ಅಂತ ನಾವೂ ಸುಮ್ನಿದ್ವಿ. ನಮ್ಮ ಕಿವಿಗೇ ಕೇಳ್ಸಿದ್ದು ನಿಮ್ಮ ಕಿವಿಗೆ ಕೇಳ್ಸದೆ ಇರುತ್ತಾ?"

"ಹೂಂ," ಎಂದ ಮೇಸ್ತ್ರಿ. "ಹಾಕು." ಲೋಟ ಕೆಳಗಿಟ್ಟು, ತೋಳಿನಿಂದ ಹಣೆಯ ಬೆವರು ಒರೆಸಿಕೊಂಡ.

ಒಂದು ಪೈಪು ಸಿಳ್ಳೆ ಹೊಡೆದದ್ದಕ್ಕೆ ಗಟ್ಟಿಮುಟ್ಟಾದ ಗಂಡಸೊಬ್ಬ ಹೀಗೆ ಬೆವರುವುದೇಕೆ ಎಂಬುದು ಆ ಕಾರ್ಖಾನೆಯ ಒಳಗನ್ನು ನೋಡದವರಿಗೆ ತಿಳಿಯುವುದಿಲ್ಲ. ಅದು ಕರಟದಿಂದ ಕಾರ್ಬನ್ ಮಾಡುವ ಜಾಗ. ಎಣ್ಣೆ ಗಿರಣಿಗಳು ಬೇಡವೆಂದು ಬಿಸಾಕುವ ತೆಂಗಿನ ಕರಟ ಲಾರಿಗಟ್ಟಲೆ ಬಂದು ಅಂಗಳದಲ್ಲಿ ಗುಡ್ಡೆ ಬೀಳುತ್ತದೆ. ಅದನ್ನು ಒಣಗಿಸಿ, ಗಾಳಿ ಹೆಚ್ಚು ಆಡದ ಹಾಗೆ ಮುಚ್ಚಿದ ಡ್ರಮ್ಮುಗಳಲ್ಲಿ ಸುಟ್ಟರೆ ಇದ್ದಿಲು. ಅಲ್ಲಿಯವರೆಗಿನ ಕೆಲಸವನ್ನು ಯಾರು ಬೇಕಾದರೂ ಮಾಡಿಯಾರು. ಆಮೇಲೆ ಆ ಇದ್ದಿಲನ್ನು ಕಾಳು ಕಾಳಾಗಿ ಒಡೆದು, ನಿಧಾನಕ್ಕೆ ಉರುಳುವ ಉದ್ದನೆಯ ಉಕ್ಕಿನ ಕುಲುಮೆಗೆ ಸುರಿದು, ಕೆಂಪಗೆ ಕಾಯಿಸಿ, ಅದರ ಮೇಲೆ ಹಬೆ ಊದಬೇಕು. ಹಬೆ ಇದ್ದಿಲನ್ನು ಒಳಗೊಳಗೇ ತಿನ್ನುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು, ತೂತಿನೊಳಗೆ ಇನ್ನೊಂದು ತೂತು. ಒಂದು ಹಿಡಿ ಕಾಳಿನ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಆಟದ ಮೈದಾನವೇ ಮುಚ್ಚಿಹೋಗುತ್ತದಂತೆ. ನೀರಿನಲ್ಲಿರುವ ಬೇಡದ ಬಣ್ಣ, ವಾಸನೆ, ವಿಷಗಳನ್ನೆಲ್ಲ ಹಿಡಿದು ಕೂರಿಸಿಕೊಳ್ಳುವುದು ಆ ತೂತುಗಳು. ಹಬೆ ತಾಗದಿದ್ದರೆ ತೂತಿಲ್ಲ, ತೂತಿಲ್ಲದಿದ್ದರೆ ಅದು ಬರೀ ಇದ್ದಿಲು, ಒಲೆಗೆ ಹಾಕಲಿಕ್ಕೆ ಲಾಯಕ್ಕು. ತೊಂದರೆಯೆಂದರೆ ಎರಡೂ ನೋಡಲು ಒಂದೇ ಥರ ಕರ್ರಗಿರುತ್ತವೆ.

ಆದರೆ ಸದ್ದು ಬೇರೆ. ಚೆನ್ನಾಗಿ ಹಬೆ ತಿಂದ ಕಾರ್ಬನ್ನನ್ನು ನೀರಿಗೆ ಹಾಕಿದರೆ ಒಳಗಿದ್ದ ಗಾಳಿ ಹೊರಗೆ ನುಗ್ಗಿ ಸುಯ್ ಎನ್ನುತ್ತದೆ. ಬರೀ ಇದ್ದಿಲು ಗುಮ್ಮನಗುಸಕನ ಹಾಗೆ ಸುಮ್ಮನೆ ತೇಲಿಕೊಂಡಿರುತ್ತದೆ. ಆ ಸುಯ್ ಎನ್ನುವುದರಲ್ಲೇ ಮೇಸ್ತ್ರಿ ಎಲ್ಲವನ್ನೂ ಹೇಳುತ್ತಿದ್ದ. ಗಾಜಿನ ಲೋಟದಲ್ಲಿ ನೀರು, ಒಂದು ಚಿಟಿಕೆ ಕಾಳು, ಲೋಟ ಕಿವಿಯ ಹತ್ತಿರ. "ಇನ್ನೂ ಸ್ವಲ್ಪ ಬೇಯ್ಬೇಕು" ಇಲ್ಲವೇ "ಇಳಿಸಿ". ಅಷ್ಟೇ ಮಾತು. ಮಾದರಿಯನ್ನು ದೊಡ್ಡ ಊರಿನ ಲ್ಯಾಬಿಗೂ ಕಳಿಸುತ್ತಿದ್ದರು, ಇಲ್ಲವೆಂದಲ್ಲ. ಆದರೆ ಅಲ್ಲಿಂದ ಉತ್ತರ ಬರುವಷ್ಟರಲ್ಲಿ ಮೂಟೆಗಳು ಸೇರಬೇಕಾದಲ್ಲಿ ಸೇರಿರುತ್ತಿದ್ದವು. ಬಂದ ಉತ್ತರವೂ ಪ್ರತಿ ಸಲ ಮೇಸ್ತ್ರಿ ಹೇಳಿದ್ದನ್ನೇ ಹೇಳುತ್ತಿತ್ತು. ಹೀಗಾಗಿ ಅವನ ಸ್ವಂತ ಹೆಸರನ್ನು ಜನ ಮರೆತರು, ಕಿವಿ ಮೇಸ್ತ್ರಿ ಎಂಬುದೇ ನಿಂತಿತು. ಮನೆಗೆ ಬಂದವರಿಗೆ ಹೊಸ ಟೀವಿ ತೋರಿಸುವ ಹಾಗೆ ಯಜಮಾನರು ಗಿರಾಕಿಗಳಿಗೆ ಅವನನ್ನು ತೋರಿಸುತ್ತಿದ್ದರು. ಮೇಸ್ತ್ರಿಯೂ ಬೇಡವೆನ್ನುತ್ತಿರಲಿಲ್ಲ. ಗಿರಾಕಿಗಳು ಬರುವ ದಿನ ಮೀಸೆಗೆ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದ.

ಆ ಕಿವಿ ಕೈಕೊಟ್ಟು ವರ್ಷವಾಗುತ್ತ ಬಂದಿತ್ತು. ಪೂರ್ತಿ ಕೈಕೊಟ್ಟಿದ್ದರೆ ಮುಚ್ಚಿಡಲು ಆಗುತ್ತಲೇ ಇರಲಿಲ್ಲ. ಕರಟ ಪುಡಿಮಾಡುವ ಯಂತ್ರದ ಪಕ್ಕದಲ್ಲಿ ಹರೆಯವನ್ನೆಲ್ಲ ಕಳೆದವನಿಗೆ ಮೊದಲು ಹೋದದ್ದು ಸಣ್ಣ ಸದ್ದುಗಳು. ಹಕ್ಕಿಯ ಚಿಲಿಪಿಲಿ ಹೋಯಿತು, ಗಡಿಯಾರದ ಟಿಕ್ ಟಿಕ್ ಹೋಯಿತು, ಪಿಸುಮಾತು ಹೋಯಿತು. ಬಾಯ್ಲರಿನವನಂಥ ಕಂಚಿನ ಕಂಠದವರು ಎದುರಿಗೆ ನಿಂತು ಮಾತಾಡಿದರೆ ಈಗಲೂ ತಿಳಿಯುತ್ತಿತ್ತು. ಉಳಿದವರ ಮಾತಿಗೆ ತುಟಿ ನೋಡುತ್ತಿದ್ದ. ತುಟಿಯೂ ಕಾಣದಿದ್ದರೆ "ಹೂಂ" ಅನ್ನುತ್ತಿದ್ದ. ಪ್ರಪಂಚದ ಮುಕ್ಕಾಲು ಪಾಲು ಮಾತಿಗೆ ಆ ಒಂದು ಹೂಂ ಸಾಕು ಎಂಬುದು ಕಿವುಡಾಗುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಲೋಟವನ್ನು ಮಾತ್ರ ಅವನು ಬಿಟ್ಟಿರಲಿಲ್ಲ. ಅದನ್ನು ಕಿವಿಗೆ ಹಿಡಿದು, ಏಳುವ ಗುಳ್ಳೆಗಳನ್ನು ಓರೆಗಣ್ಣಿನಿಂದ ನೋಡಿ, ಪಕ್ಕದಲ್ಲಿ ನಿಂತವರ ಮುಖ ನೋಡಿ, ಮಿಕ್ಕಿದ್ದನ್ನು ಅಂದಾಜಿಗೆ ಬಿಡುತ್ತಿದ್ದ. ಕುಲುಮೆ ಸರಿಯಿದ್ದಷ್ಟು ದಿನ ಅಂದಾಜೂ ಸರಿಯಾಗಿಯೇ ಇತ್ತು. ಹೇಳಿಬಿಡೋಣ ಎಂದು ಎಷ್ಟೋ ಬೆಳಗ್ಗೆ ಅಂದುಕೊಂಡು ಎಷ್ಟೋ ಸಂಜೆ ಹೇಳದೆ ಮನೆಗೆ ಹೋಗಿದ್ದ. ಕಿವಿಯಿಲ್ಲದ ಕಿವಿ ಮೇಸ್ತ್ರಿ ಎಂದರೆ ಏನು? ಅಂಗಳದಲ್ಲಿ ಕೂತು ಕರಟ ಆರಿಸುವ ಇನ್ನೊಬ್ಬ ಮುದುಕ. ಅವನಿಗೆ ಭಯವಾಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಎರಡರಲ್ಲಿ ಯಾವುದು ಹೆಚ್ಚೆಂದು ಅವನಿಗೇ ತಿಳಿಯದು.

ಇವತ್ತು ಭಯವೇ ಹೆಚ್ಚಾಗಿತ್ತು. ಹೋದ ವಾರದ ಆ ಪಾಳಿಯ ಮಾಲು ಎಲ್ಲಿಗೆ ಹೋಗಿದೆ ಎಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ತಾನೇ ನಿಂತು ತುಂಬಿಸಿ ಆಸ್ಪತ್ರೆಗೆ ಕಳಿಸಿದ್ದ. ಕಿಡ್ನಿ ಕೆಟ್ಟವರ ರಕ್ತ ತೊಳೆಯುವ ಡಯಾಲಿಸಿಸ್ ವಿಭಾಗಕ್ಕೆ. ಅಲ್ಲಿ ಯಂತ್ರಗಳಿಗೆ ಹೋಗುವ ನೀರು ಮೊದಲು ಕಾರ್ಬನ್ ತುಂಬಿದ ಎರಡು ಎತ್ತರದ ಸಿಲಿಂಡರುಗಳ ಮೂಲಕ ಇಳಿದು ಬರಬೇಕು. ನಲ್ಲಿ ನೀರಿನ ಕ್ಲೋರಿನ್ ಹೊಟ್ಟೆಗೆ ಹೋದರೆ ಏನೂ ಆಗುವುದಿಲ್ಲ, ಡಯಾಲಿಸಿಸ್ ಯಂತ್ರದಲ್ಲಿ ರಕ್ತಕ್ಕೆ ಸೇರಿದರೆ ರಕ್ತದ ಕಣಗಳೇ ಒಡೆದುಹೋಗುತ್ತವೆ. ಎರಡೂ ಸಿಲಿಂಡರುಗಳನ್ನು ನಿನ್ನೆ, ರಜೆಯ ದಿನ, ಹೊಸ ಕಾರ್ಬನ್ನಿನಿಂದ ತುಂಬಿಸಿದ್ದರು. ಇವತ್ತು ಬೆಳಗ್ಗೆಯೆಲ್ಲ ನೀರು ಹಾಯಿಸಿ ತೊಳೆದು, ಮಧ್ಯಾಹ್ನದಿಂದ ಯಂತ್ರಗಳನ್ನು ಶುರುಮಾಡುವುದು ಎಂದಾಗಿತ್ತು. ಆ ಮೊದಲ ಸರದಿಯಲ್ಲಿ ಅವನ ಅಕ್ಕ ಇದ್ದಳು.

ಅಕ್ಕ ಎಂದರೆ ಒಡಹುಟ್ಟಿದವಳು ಎಂದಷ್ಟೇ ಅಲ್ಲ. ತಾಯಿ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು, ತನಗೆ ಬಂದ ಸಂಬಂಧಗಳನ್ನು "ಇವನು ದೊಡ್ಡವನಾಗ್ಲಿ" ಎಂದು ಒಂದೊಂದಾಗಿ ವಾಪಸು ಕಳಿಸಿದವಳು. ಅವನು ದೊಡ್ಡವನಾಗುವಷ್ಟರಲ್ಲಿ ಸಂಬಂಧಗಳು ಬರುವುದು ನಿಂತಿತ್ತು. ಈಗ ಇಬ್ಬರೂ ಎರಡು ಕೋಣೆಯ ಮನೆಯಲ್ಲಿ, ಉಪ್ಪು ಹೆಚ್ಚಾಯಿತು, ಬಾಗಿಲು ಹಾಕಲಿಲ್ಲ ಎಂದು ಒಬ್ಬರನ್ನೊಬ್ಬರು ಬೈದುಕೊಂಡು ಚೆನ್ನಾಗಿಯೇ ಇದ್ದರು. ಯಾವಾಗಲೂ ಅವನೇ ಸ್ಕೂಟರಿನಲ್ಲಿ ಆಸ್ಪತ್ರೆಗೆ ಬಿಡುತ್ತಿದ್ದ. ಇವತ್ತು ಅವನಿಗೆ ಬೆಳಗಿನ ಪಾಳಿಯೆಂದು ಅವಳು ಒಬ್ಬಳೇ ಆಟೋದಲ್ಲಿ ಹೋಗುತ್ತೇನೆ ಎಂದಿದ್ದಳು.

ತಪ್ಪು ಮಾಡಿದವರೆಲ್ಲ ಮೊದಲು ಮಾಡುವುದನ್ನೇ ಅವನೂ ಮಾಡಿದ. ಹಾಗೇನೂ ಆಗಿರಲಿಕ್ಕಿಲ್ಲ ಎಂದುಕೊಂಡ. ಸಿಳ್ಳೆ ಎಂದರೆ ಎಷ್ಟು ಹಬೆ ಸೋರಿರಬಹುದು? ಚೂರು ಸೋರಿರಬಹುದು. ಅವಸರದಲ್ಲಿ ಗೋದಾಮಿಗೆ ಹೋಗಿ, ಆ ಪಾಳಿಯದ್ದೇ ಉಳಿದಿದ್ದ ಅರ್ಧ ಮೂಟೆಯಿಂದ ಒಂದು ಹಿಡಿ ತೆಗೆದ. ಇನ್ನೊಂದು ಕೈಯಲ್ಲಿ ಹೋದ ತಿಂಗಳ ಒಳ್ಳೆಯ ಮಾಲು. ಲೋಟಕ್ಕೆ ಹಾಕಿ ಕಿವಿಗೆ ಹಿಡಿಯಲು ಹೋಗಿ, ತನಗೆ ತಾನೇ ನಾಟಕವಾಡುತ್ತಿದ್ದೇನೆಂದು ನೆನಪಾಗಿ, ಥೂ ಎಂದ. ಆಫೀಸಿನಿಂದ ಸ್ಟಾಂಪ್ ಪ್ಯಾಡಿನ ಶಾಯಿ ತಂದು ಎರಡು ಲೋಟ ನೀರಿಗೆ ಒಂದೊಂದು ತೊಟ್ಟು ಬಿಟ್ಟ. ಒಂದಕ್ಕೆ ಈ ಕಾಳು, ಇನ್ನೊಂದಕ್ಕೆ ಆ ಕಾಳು. ಕಲಕಿದ. ಕಾದ. ಕಾಯಲಾರದೆ ಮತ್ತೆ ಕಲಕಿದ. ಗೋದಾಮಿನ ಬಾಗಿಲಿಗೆ ಹೋಗಿ ಬಂದ. ಒಳ್ಳೆಯ ಮಾಲಿನ ಲೋಟದ ನೀಲಿ ಕಣ್ಣೆದುರಿಗೇ ತೆಳುವಾಗುತ್ತ ಹೋಯಿತು, ಬಿಸಿಲು ನೆತ್ತಿಗೇರುವಷ್ಟರಲ್ಲಿ ನೀರು ತಿಳಿಯಾಯಿತು. ಇನ್ನೊಂದರ ನೀಲಿ ಒಂದಿಷ್ಟೂ ಕದಲಲಿಲ್ಲ.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ಎನ್ನುತ್ತಾರಲ್ಲ, ಹಾಗಾಗಿತ್ತು.

ಆಸ್ಪತ್ರೆಗೆ ಫೋನ್ ಮಾಡು ಎಂದು ಬಾಯ್ಲರಿನವನಿಗೆ ಹೇಳಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ಯಾಕೆ ಎನ್ನುತ್ತಾನೆ. ಅದನ್ನು ಹೇಳಿದರೆ ಹೇಗಾಯಿತು ಎನ್ನುತ್ತಾನೆ. ಅದನ್ನೂ ಹೇಳಿದರೆ ಸಂಜೆಯೊಳಗೆ ಕಾರ್ಖಾನೆಯ ಗೇಟಿನವನಿಗೂ ಗೊತ್ತಾಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಮೇಸ್ತ್ರಿ ಅಕ್ಕನಿಗೇ ಫೋನ್ ಮಾಡಿದ. ಫೋನಿನಲ್ಲಿ ಅವನಿಗೆ ಏನೂ ತಿಳಿಯುತ್ತಿರಲಿಲ್ಲ, ಹಾಗಾಗಿ ವರ್ಷದಿಂದ ಯಾರಿಗೂ ಮಾಡಿರಲಿಲ್ಲ. ಆ ಕಡೆ ಎತ್ತಿದ್ದು ಪರದೆಯ ಮೇಲೆ ಕಂಡಿತು.

"ಅಕ್ಕ, ಇವತ್ತು ಆಸ್ಪತ್ರೆಗೆ ಹೋಗ್ಬೇಡ. ಏನೂ ಕೇಳ್ಬೇಡ, ಆಮೇಲೆ ಹೇಳ್ತೀನಿ. ಹೋಗ್ಬೇಡ ಅಷ್ಟೆ."

ಕಿವಿಯೊಳಗೆ ಸೊಳ್ಳೆಯೊಂದು ಹಾಡಿದಂತಾಯಿತು. ಅಕ್ಕ ಏನೋ ಹೇಳುತ್ತಿದ್ದಳು. ಸರಿ ಎಂದಳೋ, ಹುಚ್ಚಾ ನಿಂಗೆ ಎಂದಳೋ, ಆಗಲೇ ಬಂದಿದ್ದೇನೆ ಎಂದಳೋ. "ಆಯ್ತಾ?" ಎಂದ. ಸೊಳ್ಳೆ ಇನ್ನೂ ಜೋರಾಗಿ ಹಾಡಿತು. "ಆಯ್ತು ಹಾಗಾದ್ರೆ," ಎಂದು ಫೋನಿಟ್ಟ. ಇಟ್ಟ ಮೇಲೆ ಏನು ಆಯಿತೆಂದು ತನಗೇ ಗೊತ್ತಿಲ್ಲವೆಂಬುದು ಹೊಳೆದು, ಯಾರಿಗೂ ಹೇಳದೆ ಸ್ಕೂಟರ್ ಹತ್ತಿದ.

ದಾರಿಯುದ್ದಕ್ಕೂ ಮೈಮೇಲೆ ಇರುವೆ ಬಿಟ್ಟ ಹಾಗೆ ಚಡಪಡಿಸಿದ. ಸಿಗ್ನಲ್ ಕೆಂಪಾಯಿತು, ಅದಕ್ಕೆ ಬೈದ. ಹಸಿರಾದ ಮೇಲೂ ಮುಂದಿನ ಕಾರು ಕದಲಲಿಲ್ಲ, ಅದಕ್ಕೂ ಬೈದ. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಹಾದುಹೋಗುವವರೆಗೆ ಸೀಟಿನ ಮೇಲೆ ಕೂರಲಾರದೆ ಇಳಿದು ಹತ್ತಿ ಮಾಡಿದ. ಹಿಂದಿನ ಬಸ್ಸಿನವನು ಹಾರ್ನ್ ಮಾಡುತ್ತಲೇ ಇದ್ದನೆಂದು ಕಾಣುತ್ತದೆ, ಪಕ್ಕದಲ್ಲಿ ಹಾದುಹೋಗುವಾಗ ಬಾಗಿಲಿಗೆ ಜೋತುಬಿದ್ದ ಕಂಡಕ್ಟರ್ ಬಾಯಿ ಅಗಲಿಸಿ ಏನೋ ಅಂದ. ಮೇಸ್ತ್ರಿ ಅಭ್ಯಾಸಬಲದಿಂದ ತಲೆಯಾಡಿಸಿದ.

ಅಷ್ಟರ ನಡುವೆಯೂ ಮನಸ್ಸು ಒಂದು ಸುಳ್ಳನ್ನು ನೇಯುತ್ತಿತ್ತು. ಲಾರಿಯವನು ಮೂಟೆ ಅದಲುಬದಲು ಮಾಡಿದ್ದಾನೆ ಎಂದರೆ ಆಯಿತು. ಒಳ್ಳೆಯ ಮೂಟೆ ಇಲ್ಲಿ ಉಳಿದು ಒಲೆಗೆ ಹೋಗಬೇಕಾದ ಮೂಟೆ ಅಲ್ಲಿಗೆ ಹೋಗಿದೆ. ಲಾರಿಯವನು ಮೊದಲೇ ಅಡ್ಡಾದಿಡ್ಡಿ ಮನುಷ್ಯ, ಯಾರಾದರೂ ನಂಬುತ್ತಾರೆ. ಯಂತ್ರ ನಿಲ್ಲುತ್ತದೆ, ಅಕ್ಕ ಉಳಿಯುತ್ತಾಳೆ, ಕಿವಿಯೂ ಉಳಿಯುತ್ತದೆ. ಆಸ್ಪತ್ರೆಯ ಗೇಟು ಬರುವಷ್ಟರಲ್ಲಿ ಆ ಸುಳ್ಳು ಅವನಿಗೇ ನಿಜವೆನಿಸತೊಡಗಿತ್ತು. ಲಾರಿಯವನ ಮೇಲೆ ಸಿಟ್ಟೂ ಬಂದಿತ್ತು.

ಡಯಾಲಿಸಿಸ್ ವಿಭಾಗದ ಹಿಂದೆ ನೀರಿನ ಕೋಣೆ. ಅದನ್ನು ನೋಡಿಕೊಳ್ಳುವವನು ಮೇಸ್ತ್ರಿಗೆ ಹಳೆಯ ಪರಿಚಯ, ಅಲ್ಲಿ ಎಲ್ಲರೂ ಅವನನ್ನು ನೀರಿನವನೆಂದೇ ಕರೆಯುತ್ತಿದ್ದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ ಮೇಸ್ತ್ರಿಯನ್ನು ಕಂಡು ನೀರಿನವನ ಕಣ್ಣು ಅರಳಿದವು. ಮೂಗು ಬಾಯಿ ಮಾಸ್ಕಿನ ಒಳಗಿದ್ದವು. ಸಿಲಿಂಡರುಗಳ ಹಿಂದೆ ಪಂಪು ಗುಡುಗುಡು ಎನ್ನುತ್ತಿತ್ತು. ನೀರಿನವನು ಕೈಯಾಡಿಸಿ ಉದ್ದವಾಗಿ ಏನೋ ಹೇಳಿ, ಕೊನೆಗೆ ಹುಬ್ಬೇರಿಸಿ ಒಂದು ಪ್ರಶ್ನೆ ಕೇಳಿದ. ಮೇಸ್ತ್ರಿಗೆ ಮಾತಾಡಲು ಉಸಿರಿರಲಿಲ್ಲ. ಅವನು ಯೋಚಿಸುವ ಮೊದಲೇ ವರ್ಷದ ಅಭ್ಯಾಸ ಬಾಯಿಯಿಂದ ಹೊರಗೆ ಬಿತ್ತು.

"ಹೂಂ."

ನೀರಿನವನು ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟ. ಮೇಸ್ತ್ರಿಯ ಬೆನ್ನು ತಟ್ಟಿ, ಗಾಜಿನ ಬಾಗಿಲು ತಳ್ಳಿಕೊಂಡು ವಾರ್ಡಿನ ಕಡೆ ಹೊರಟುಹೋದ.

ಅವನು ಕೇಳಿದ್ದು ಇಷ್ಟು: "ಒಳ್ಳೆ ಹೊತ್ತಿಗೆ ಬಂದ್ರಿ ಮೇಸ್ತ್ರಿ. ನೀರಲ್ಲಿ ಕ್ಲೋರಿನ್ ಇದ್ಯಾ ಅಂತ ನೋಡೋ ಪಟ್ಟಿ ಬಣ್ಣ ತೋರಿಸ್ತಾ ಇದೆ. ಪಟ್ಟಿ ಡಬ್ಬಿ ಹೊಸದು, ಅದೇ ಕೆಟ್ಟಿರ್ಬೇಕು ಅಂತ ನಂಗೆ ಅನುಮಾನ. ಮಾಲು ನೀವೇ ಕಿವಿಯಿಟ್ಟು ಪಾಸು ಮಾಡಿದ್ದು ತಾನೆ? ಶುರು ಮಾಡ್ಬಹುದಲ್ಲ?"

ಮೇಸ್ತ್ರಿಗೆ ಅದು ತಿಳಿದದ್ದು ಕಿವಿಯಿಂದಲ್ಲ. ಮೇಜಿನ ಮೇಲೆ ಕಾಗದದ ಪಟ್ಟಿಗಳು ಸಾಲಾಗಿ ಬಿದ್ದಿದ್ದವು. ಒಂದಾ, ಎರಡಾ, ನೀರಿನವನು ಮತ್ತೆ ಮತ್ತೆ ಅದ್ದಿ ನೋಡಿದ್ದ ಪಾಪ. ಎಲ್ಲದರ ತುದಿಯೂ ಗುಲಾಬಿ. ಡಬ್ಬಿಯ ಮೇಲೆ ಅಚ್ಚಾಗಿದ್ದ ಬಣ್ಣಗಳಲ್ಲಿ ಗುಲಾಬಿಯ ಎದುರಿಗೆ ದೊಡ್ಡ ಅಡ್ಡಗೀಟು ಹಾಕಿತ್ತು. ಪರೀಕ್ಷೆ ಪ್ರತಿ ಸಲವೂ ನಿಜ ಹೇಳಿತ್ತು, ಮೇಸ್ತ್ರಿಯ ಹೆಸರು ಅದನ್ನು ಸುಳ್ಳು ಮಾಡಿತ್ತು. ಕಾರ್ಖಾನೆಯಲ್ಲಿ ಸಿಳ್ಳೆ ಕೇಳಿಯೂ ಸುಮ್ಮನಿದ್ದರು, ಇಲ್ಲಿ ಬಣ್ಣ ನೋಡಿಯೂ ನಂಬಲಿಲ್ಲ. ಗಾಜಿನ ಬಾಗಿಲಿಗೆ ಭುಜ ಕೊಟ್ಟು ವಾರ್ಡಿಗೆ ನುಗ್ಗಿದ.

ಹಾಸಿಗೆಗಳೆಲ್ಲ ತುಂಬಿದ್ದವು. ಅಕ್ಕ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ, ತೋಳು ಚಾಚಿ, ಸೂಜಿ ಚುಚ್ಚಿಸಿಕೊಂಡು ಮಲಗಿದ್ದಳು. ನರ್ಸು ಕೊಳವೆ ಜೋಡಿಸಿ ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟಿದ್ದಳು.

"ಒತ್ಬೇಡಿ! ನಿಲ್ಸಿ, ಎಲ್ಲಾ ನಿಲ್ಸಿ! ನೀರು ಸರಿಯಿಲ್ಲ!"

ತನ್ನ ದನಿ ಎಷ್ಟು ದೊಡ್ಡದಾಗಿತ್ತೆಂದು ಅವನಿಗೆ ತಿಳಿಯಲಿಲ್ಲ, ಎಲ್ಲರೂ ತಿರುಗಿದ್ದು ನೋಡಿ ತಿಳಿಯಿತು. ನರ್ಸಿನ ಬೆರಳು ಗುಂಡಿಯಿಂದ ಎದ್ದಿತು. ನೀರಿನವನು ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡು ಅವನೆದುರಿಗೆ ಬಂದ. ಈಗ ತುಟಿ ಕಾಣುತ್ತಿದ್ದವು.

"ಏನ್ ಮೇಸ್ತ್ರಿ ಇದು? ಈಗ ತಾನೆ ಸರಿಯಿದೆ ಅಂದ್ರಲ್ಲ!"

ಲಾರಿಯವನ ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಬಾಯಿ ತೆರೆದರೆ ಬಂದುಬಿಡುತ್ತಿತ್ತು. ಆದರೆ ಅದನ್ನು ಹೇಳಿದರೆ ಈಗ ತಾನೆ ಹೂಂ ಎಂದದ್ದು ಯಾಕೆ ಎನ್ನುತ್ತಾರೆ. ಸುತ್ತ ನಿಂತವರೆಲ್ಲರ ಬಾಯಿಗೂ ಮಾಸ್ಕಿದೆ. ಅವರು ಏನು ಕೇಳುತ್ತಾರೋ, ತಾನು ಯಾವುದಕ್ಕೆ ಹೂಂ ಎನ್ನುತ್ತೇನೋ, ಆ ಹೂಂ ಕೇಳಿ ಯಾರು ಯಾವ ಗುಂಡಿ ಒತ್ತುತ್ತಾರೋ. ಅಕ್ಕನ ತೋಳಿನಲ್ಲಿ ಸೂಜಿ ಇತ್ತು.

"ನಂಗೆ ಕಿವಿ ಕೇಳ್ಸಲ್ಲ," ಎಂದ. "ನೀವೇನು ಕೇಳಿದ್ರಿ ಅಂತ ಗೊತ್ತಾಗ್ಲಿಲ್ಲ, ಸುಮ್ನೆ ಹೂಂ ಅಂದೆ. ಪಟ್ಟಿ ಸರಿಯಾಗೇ ಇದೆ. ಮಾಲು ಕೆಟ್ಟಿದೆ. ಸ್ಟೀಮು ಸೋರಿದ್ದು ನಂಗೆ ಕೇಳ್ಸಿಲ್ಲ. ಮಾಲು ಸದ್ದು ಮಾಡ್ಲಿಲ್ಲ ಅನ್ನೋದೂ ಕೇಳ್ಸಿಲ್ಲ. ಕೇಳ್ಸಿದ ಹಾಗೆ ಮಾಡಿ ಕಳ್ಸಿಬಿಟ್ಟೆ."

ಆಮೇಲೆ ನಡೆದದ್ದೆಲ್ಲ ಅವನ ಪಾಲಿಗೆ ಮೂಕಿ ಸಿನಿಮಾ. ನರ್ಸುಗಳು ಹಾಸಿಗೆಯಿಂದ ಹಾಸಿಗೆಗೆ ಓಡಿ ಯಂತ್ರಗಳನ್ನು ಆರಿಸಿದರು. ನೀರಿನವನು ಹಳೆಯ ಡಬ್ಬಿಯ ಪಟ್ಟಿ ಹುಡುಕಿ ತಂದು ಅದ್ದಿದ, ಅದೂ ಗುಲಾಬಿಯಾಯಿತು. ಅವನು ಅದನ್ನು ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದ. ಡಾಕ್ಟರು ಬಂದು ಮೇಸ್ತ್ರಿಯ ಮುಖಕ್ಕೆ ಬೆರಳು ತೋರಿಸಿ ಬಹಳ ಹೊತ್ತು ಬೈದರು. ಒಂದಕ್ಷರ ತಿಳಿಯದಿದ್ದರೂ ಮೇಸ್ತ್ರಿ ಕೈಕಟ್ಟಿ ಪೂರ್ತಿ ಬೈಸಿಕೊಂಡ, ಅದು ತನಗೆ ಸಲ್ಲಬೇಕಾದದ್ದು ಎಂಬಂತೆ. ಯಾರೋ ಯಜಮಾನರಿಗೆ ಫೋನ್ ಮಾಡಿದರು. ಹೋದ ತಿಂಗಳ ಮಾಲು ವ್ಯಾನಿನಲ್ಲಿ ಹೊರಟಿದೆ, ಸಿಲಿಂಡರ್ ತುಂಬಿಸಿ ತೊಳೆದು ಪರೀಕ್ಷೆ ಮಾಡುವಷ್ಟರಲ್ಲಿ ಸಂಜೆಯಾಗುತ್ತದೆ, ಅಲ್ಲಿಯವರೆಗೆ ಎಲ್ಲರೂ ಕಾಯಬೇಕು ಎಂದು ನರ್ಸು ಒಂದು ಚೀಟಿಯಲ್ಲಿ ಬರೆದು ಅವನ ಕೈಗಿಟ್ಟಳು. ಯಾರಿಗೂ ಏನೂ ಆಗಿರಲಿಲ್ಲ.

ಅಕ್ಕ ಸೂಜಿಯಿಲ್ಲದ ಕೈಯನ್ನು ಎತ್ತಿ ಕರೆದಳು. ಅವನು ಹೋಗಿ ಸ್ಟೂಲಿನ ತುದಿಯಲ್ಲಿ ಕೂತ. ಅವಳು ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಯಾವಾಗಿಂದ?"

"ವರ್ಷ ಆಗ್ತಾ ಬಂತು."

"ನಂಗೂ ಹೇಳಿಲ್ಲ."

"ಯಾರಿಗೂ ಹೇಳಿಲ್ಲ."

"ಫೋನಲ್ಲಿ ಯಾಕೆ, ಯಾಕೆ ಅಂತ ಬಡ್ಕೊಂಡೆ. ನೀನು ಆಯ್ತು ಹಾಗಾದ್ರೆ ಅಂತ ಇಟ್ಬಿಟ್ಟೆ. ಇವನಿಗೇನು ತಲೆ ಕೆಟ್ಟಿದ್ಯಾ ಅಂದ್ಕೊಂಡೆ. ಕತ್ತೆ. ದನ. ಡಾಕ್ಟರಿಗೆ ತೋರಿಸ್ಬೇಕು ಅಂತ..." ಬೈಗುಳ ಸರಾಗವಾಗಿ ಹರಿಯುತ್ತಿದ್ದದ್ದು ಅರ್ಧಕ್ಕೆ ನಿಂತಿತು. ಅಕ್ಕನ ಮುಖದ ಬಣ್ಣ ಬದಲಾಯಿತು. ಅವನ ಗಲ್ಲ ಬಿಟ್ಟಳು.

"ವರ್ಷ ಅಂದ್ರೆ... ಸ್ಕೂಟರ್ ಮೇಲೆ?"

ಮೇಸ್ತ್ರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಆಸ್ಪತ್ರೆಗೆ ಬರುವಾಗ, ವಾಪಸು ಹೋಗುವಾಗ, ಅಕ್ಕ ಹಿಂದಿನ ಸೀಟಿನಲ್ಲಿ ಅವನ ಭುಜಕ್ಕೆ ಗಲ್ಲವೂರಿ ದಾರಿಯುದ್ದಕ್ಕೂ ಏನೋ ಹೇಳುತ್ತಿದ್ದಳು. ಕುತ್ತಿಗೆಗೆ ಬಿಸಿ ಉಸಿರು ತಾಗುತ್ತಿತ್ತು. ತರಕಾರಿ ಬಾಡಿದೆ, ಪಕ್ಕದ ಮನೆಯವಳು ಬಕೆಟ್ ವಾಪಸು ಕೊಟ್ಟಿಲ್ಲ, ಅಂಥದ್ದೇ ಏನೋ ಇರಬೇಕು ಎಂದುಕೊಂಡು, ಉಸಿರು ನಿಂತಾಗಲೆಲ್ಲ ಅವನು ಹೂಂ ಅನ್ನುತ್ತಿದ್ದ.

"ನಾನು ಹೇಳಿದ್ದೆಲ್ಲ?"

"ಕೇಳ್ಸಿಲ್ಲ ಅಕ್ಕ."

"ಒಂದೂ?"

"ಒಂದೂ."

ಅವಳು ಬೈಯುತ್ತಾಳೆಂದು ಕಾದ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಚಾವಣಿ ನೋಡುತ್ತ ಮಲಗಿದಳು. ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯ ಕಡೆ ಹೋಯಿತು.

"ಹೇಳೋಕೆ ಬಾಯಿ ತೆಗೆದ್ರೆ ಸಾಕು, ಎಲ್ರೂ ಧೈರ್ಯವಾಗಿರು ಅಂತ ಬಾಯಿ ಮುಚ್ಚಿಸೋರೇ," ಎಂದು ಮತ್ತೆ ಅವನ ಕಡೆ ತಿರುಗಿದಳು. "ನೀನೊಬ್ಬ ಹಾಗನ್ನಲಿಲ್ಲ. ಸುಮ್ನೆ ಕೇಳಿಸ್ಕೊಂಡು ಹೂಂ ಅಂತಿದ್ದೆ. ನನ್ನ ತಮ್ಮ ಒಬ್ಬನಿಗಾದ್ರೂ ಅರ್ಥ ಆಗುತ್ತೆ ಅಂದ್ಕೊಂಡಿದ್ದೆ ಕಣೋ."

ಆ ಮಾತನ್ನು ಮೇಸ್ತ್ರಿ ಒಂದಕ್ಷರ ಬಿಡದೆ ಅವಳ ತುಟಿಗಳಿಂದ ಓದಿದ. ಡಾಕ್ಟರ ಬೈಗುಳ ಅವನನ್ನು ತಾಗಿರಲಿಲ್ಲ, ಇದು ತಾಗಿತು. ಮೂಟೆ ಕೆಟ್ಟದ್ದು ಇವತ್ತು ಸಂಜೆಯೊಳಗೆ ಸರಿಯಾಗುತ್ತದೆ, ಇದನ್ನು ಯಾವ ವ್ಯಾನಿನಲ್ಲಿ ತರಿಸುವುದು?

"ಏನು ಹೇಳ್ತಿದ್ದೆ? ಈಗ ಹೇಳು."

ಅಕ್ಕ ಅತ್ತಿತ್ತ ನೋಡಿದಳು. ನರ್ಸುಗಳು, ಪಕ್ಕದ ಹಾಸಿಗೆಯ ನಿವೃತ್ತ ಬಸ್ ಡ್ರೈವರ್, ಅದರಾಚೆ ಮಗಳ ಜೊತೆ ಬಂದಿದ್ದ ಒಬ್ಬ ಹೆಂಗಸು. "ಇಲ್ಲಿ ಬೇಡ."

"ಹೇಳಕ್ಕ."

ಅವಳು ಹೇಳಿದಳು. ಪಿಸುಗುಟ್ಟಿದಳೆಂದು ಕಾಣುತ್ತದೆ. ತುಟಿ ಅದುರುತ್ತಿದ್ದವು, ಅವನಿಗೆ ಓದಲಾಗಲಿಲ್ಲ.

"ಕೇಳ್ಸಲಿಲ್ಲ," ಎಂದ.

ಇನ್ನೊಮ್ಮೆ ಹೇಳಿದಳು. ಅವನು ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೇ ತಂದ. ಬಿಸಿ ಉಸಿರು ತಾಗಿತು, ಮಾತು ಬರಲಿಲ್ಲ.

"ಇಲ್ಲ ಅಕ್ಕ. ಕೇಳ್ಸಲಿಲ್ಲ. ಜೋರಾಗಿ ಹೇಳು."

ಮನೆಯೊಳಗೆ ಎಷ್ಟೇ ಕೂಗಾಡಿದರೂ ಹೊಸಿಲಾಚೆ ದನಿ ಎತ್ತಿದವಳಲ್ಲ ಅವಳು. ಮೊಣಕೈಯೂರಿ ಅರ್ಧ ಎದ್ದಳು. ಎಷ್ಟು ಜೋರಾಗಿ ಕೂಗಿದಳೆಂದರೆ ಬಾಗಿಲ ಬಳಿ ನಿಂತಿದ್ದ ಡಾಕ್ಟರೂ ತಿರುಗಿದರು.

"ಸಾಯೋಕೆ ಭಯ ಆಗುತ್ತೆ ಕಣೋ! ದಿನಾ ಭಯ ಆಗುತ್ತೆ!"

ನರ್ಸು ಟೇಪು ಕತ್ತರಿಸುತ್ತಿದ್ದವಳು ಕತ್ತರಿ ಹಿಡಿದೇ ನಿಂತಳು. ಮೇಸ್ತ್ರಿ ಅಕ್ಕನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ಈ ಸಲ ಕೇಳಿಸಿತ್ತು. ಧೈರ್ಯವಾಗಿರು ಎಂದು ಮಾತ್ರ ಹೇಳಲಿಲ್ಲ.

ಪಕ್ಕದ ಹಾಸಿಗೆಯ ಡ್ರೈವರ್ ಗೋಡೆಯ ಕಡೆ ಮುಖ ಮಾಡಿಯೇ ಏನೋ ಅಂದದ್ದು, ಅಕ್ಕ ಅವರ ಕಡೆ ತಿರುಗಿದ್ದರಿಂದ ತಿಳಿಯಿತು.

"ಏನಂದ್ರು?" ಎಂದು ಮೇಸ್ತ್ರಿ ಕೇಳಿದ.

ಅಕ್ಕ ಹೊದಿಕೆಯ ಅಂಚಿನಿಂದ ಮೂಗು ಒರೆಸಿಕೊಂಡಳು.

"ಅವರಿಗೂ ಅಂತೆ," ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದಳು.

ಮೇಸ್ತ್ರಿ ಸ್ಟೂಲನ್ನು ಅವಳ ಮುಖದ ಹತ್ತಿರಕ್ಕೆ ಎಳೆದುಕೊಂಡ. ಸಂಜೆಯವರೆಗೆ ಹೊತ್ತಿತ್ತು, ಒಂದು ವರ್ಷದ ಮಾತು ಬಾಕಿಯಿತ್ತು.